ಚೌಕದ ಗಾಡಿಗೆ ಟೈರು

ತೇರದಾಳದ ಬಾಹುಬಲಿ ಕೂತು ಚಹಾ ಕುಡಿದದ್ದನ್ನು ಕಂಡವರು ಕಡಿಮೆ. ಕಪ್ಪು ಕೈಗೆ ಬಂದ ಕೂಡಲೇ ಅಂಗಳಕ್ಕೆ ಹೋಗುತ್ತಾನೆ, ಒಂದು ಗುಟುಕು ಕುಡಿದು ಬಾಗಿಲಿಗೆ ಬರುತ್ತಾನೆ, ಯಾರೋ ಕರೆದಂತೆ ಮತ್ತೆ ಅಂಗಳಕ್ಕೆ ಹೋಗುತ್ತಾನೆ. ಹರೆಯದಲ್ಲಿ ಅಪ್ಪ ಅವನನ್ನು ಕಿರಾಣಿ ಅಂಗಡಿಯ ಗಾದಿಯ ಮೇಲೆ ಕೂಡಿಸಿ ನೋಡಿದ್ದ. ಕೂತವನ ಮೊಣಕಾಲು ಕುಣಿಯುವ ರಭಸಕ್ಕೆ ತಕ್ಕಡಿ ಅಲುಗಿ ಗಿರಾಕಿಗಳು ಜಗಳಕ್ಕೆ ಬಂದರಂತೆ. ಕೊನೆಗೆ ಅವನಿಗೆ ಒಗ್ಗಿದ್ದು ಸ್ಟೇರಿಂಗ್ ಒಂದೇ. ಬನಹಟ್ಟಿಯ ಸಾವಕಾರರ ನೂಲಿನ ಗಂಟು, ಬಟ್ಟೆಯ ಗಂಟು ಹೇರಿಕೊಂಡು ಇಚಲಕರಂಜಿಗೆ ಹೋಗಿ ಬರುವುದರಲ್ಲಿ ಅವನ ಅರ್ಧ ಆಯುಷ್ಯ ಕಳೆಯಿತು.

ಕೆಲವು ವರ್ಷಗಳ ಹಿಂದೆ ಅವನು ಹಳೆಯ ಟೆಂಪೊ ಒಂದನ್ನು ಕೊಂಡು ಸೀಟುಗಳನ್ನು ಕಿತ್ತುಹಾಕಿದ. ಮಲಗಲು ಎರಡು ಹಲಗೆ, ಪಾತ್ರೆಗೆ ಕಪಾಟು, ಒಲೆಗೆ ಕಟ್ಟೆ, ಹಿತ್ತಾಳೆ ಕೊಡಗಳು ಉರುಳದಂತೆ ಕಟ್ಟಿಗೆಯ ಗೂಡು ಮಾಡಿಸಿದ. ಊರವರು ಅದಕ್ಕೆ ಚೌಕದ ಗಾಡಿ ಎನ್ನುತ್ತಾರೆ. ಚೌಕ ಎಂದರೆ ಜೈನ ತ್ಯಾಗಿಗಳಿಗೆ ಆಹಾರ ಸಿದ್ಧಮಾಡುವ ಶುದ್ಧ ಅಡುಗೆಮನೆ. ಮಾತಾಜಿ ಎಂದು ಎಲ್ಲರೂ ಕರೆಯುವ ವಯಸ್ಸಾದ ಜೈನ ಸನ್ಯಾಸಿನಿಯೊಬ್ಬರು ಒಬ್ಬ ಬ್ರಹ್ಮಚಾರಿಣಿಯ ಜೊತೆ ಬರಿಗಾಲಲ್ಲಿ ಊರಿಂದ ಊರಿಗೆ ವಿಹಾರ ಮಾಡುತ್ತಿದ್ದರು. ಬಾಹುಬಲಿ ಮತ್ತು ಅವನ ಹೆಂಡತಿ ಮಹಾದೇವಿ ಆ ಗಾಡಿಯಲ್ಲೇ ಉಂಡು ಮಲಗಿ, ಅವರ ವಿಹಾರದ ದಾರಿಯಲ್ಲಿ ತಿರುಗುತ್ತಿದ್ದರು.

"ಇವ್ರಿಗೆ ಪುಣ್ಯಾ ಬೇಕಾಗಿಲ್ರಿ, ತಿರಗಾಟ ಬೇಕಾಗೇತಿ" ಎಂದು ಮಹಾದೇವಿ ನೆರೆಯವರ ಮುಂದೆ ಚುಡಾಯಿಸುವಳು.

"ಎರಡೂ ಒಂದ ಗಾಡ್ಯಾಗ ಸಿಕ್ರ ನಿನಗೇನ ತ್ರಾಸು?" ಎಂದು ಅವನು ಆಗಲೇ ಟೈರಿಗೆ ಒದ್ದು ಗಾಳಿ ನೋಡುತ್ತಿರುವನು.

ಮಾತಾಜಿಯವರ ಆಹಾರ ದಿನಕ್ಕೊಂದೇ ಸಲ. ನೀರೂ ಅದೇ ಹೊತ್ತಿಗೆ, ಆಮೇಲೆ ಹನಿಯೂ ಇಲ್ಲ. ಹೊತ್ತೇರಿದ ಮೇಲೆ ಒಮ್ಮೆ ಹೊರಗೆ ಬರುತ್ತಾರೆ. ಶ್ರಾವಕರು, ಎಂದರೆ ಜೈನ ಗೃಹಸ್ಥರು, ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆದರೆ ಆಹಾರ, ಯಾರೂ ನಿಂತಿರದಿದ್ದರೆ ಸುಮ್ಮನೆ ಒಳಗೆ ಹೋಗಿ ಕೂಡುತ್ತಾರೆ. ಮುಂದಿನದು ಮರುದಿನವೇ. ಬೋರಿನ ನೀರು ಅವರಿಗೆ ನಡೆಯುವುದಿಲ್ಲ, ಬಾವಿಯದೇ ಆಗಬೇಕು. ಆದ್ದರಿಂದ ಬಾಹುಬಲಿ ಗಾಡಿಯನ್ನು ಸೇದುವ ಬಾವಿ ಇರುವ ಕಡೆ ನಿಲ್ಲಿಸುವನು. ಬೆಳಕು ಹರಿದ ಮೇಲೆ ಮಹಾದೇವಿ ನೀರು ಸೇದಿ ದಪ್ಪ ಬಟ್ಟೆಯಲ್ಲಿ ಸೋಸುವಳು. ಬಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲುವಂತಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಬಟ್ಟೆಯನ್ನು ತಿರುಗಿಸಿ ಸೋಸಿದ ನೀರನ್ನೇ ಸುರಿದು, ಆ ನೀರನ್ನು ಕೊಡದಲ್ಲಿ ಇಳಿಸಿ ಮೆಲ್ಲಗೆ ಅದೇ ಬಾವಿಗೆ ಬಿಡುವಳು. ಅಷ್ಟು ಹೊತ್ತೂ ಬಾಹುಬಲಿ ಕೀಲಿಕೈ ಅಲ್ಲಾಡಿಸುತ್ತ ಬಾವಿ ಸುತ್ತುವನು. "ಆತೇನು? ಆತೇನು?"

"ಬಾವಿಗೆ ಪ್ರದಕ್ಷಿಣಿ ಹಾಕೂದು ಬಿಡ್ರಿ. ಹುಳಕ್ಕೂ ಇಳ್ಯಾಕ ಹೊತ್ತ ಬೇಕು."

ಕಳೆದ ವರ್ಷ, ಒಂದೇ ಊರಲ್ಲಿ ನಿಲ್ಲುವ ನಾಲ್ಕು ತಿಂಗಳ ಚಾತುರ್ಮಾಸ ಮುಗಿದು, ದೀಪಾವಳಿಯ ಮೇಲೆ ವಿಹಾರ ಶುರುವಾಯಿತು. ಮಳೆಗಾಲ ಮುಗಿಯಿತೆಂದು ಎಲ್ಲರೂ ತಿಳಿದಿದ್ದಾಗ ಎಲ್ಲೋ ಸಮುದ್ರದಲ್ಲಿ ಎದ್ದ ಗಾಳಿ ಇಲ್ಲಿಗೆ ಮಳೆ ತಂದಿತು. ಬಾಡಗಂಡಿಯ ಹತ್ತಿರ ಒಂದು ತೋಟದ ಮನೆಯಲ್ಲಿ ಮಾತಾಜಿ ಉಳಿದಿದ್ದರು. ಬಾವಿ ಇದ್ದದ್ದು ದೊಡ್ಡ ರಸ್ತೆಯ ಬದಿಗೆ. ಬೆಳಿಗ್ಗೆ ಅಡುಗೆ ಮುಗಿದ ಮೇಲೆ ಗಾಡಿ ಹೊಲದ ದಾರಿಗೆ ಇಳಿಯಿತು. ಕಬ್ಬಿನ ಟ್ರ್ಯಾಕ್ಟರುಗಳು ಅಗೆದು ಹಾಕಿದ್ದ ಕಪ್ಪು ಎರೆಮಣ್ಣು, ಅದರ ಮೇಲೆ ರಾತ್ರಿಯ ಮಳೆ. ಬಾಹುಬಲಿಯ ಟೈರುಗಳು ಸವೆದು ಹಣೆಯಂತೆ ನುಣ್ಣಗಾಗಿದ್ದವು. ಗಾಡಿ ಅಡ್ಡಾದಿಡ್ಡಿ ಜಾರಿ ತಗ್ಗಿನಲ್ಲಿ ಕೂತಿತು. ಅವನು ಎಕ್ಸಿಲೇಟರ್ ತುಳಿದಷ್ಟೂ ಕೆಳಗಿಳಿಯಿತು.

ಕಬ್ಬು ಹೇರಲು ಹೊರಟಿದ್ದ ಶಿವಯೋಗೆಪ್ಪನೆಂಬ ರೈತ ಟ್ರ್ಯಾಕ್ಟರ್ ನಿಲ್ಲಿಸಿ ಹಗ್ಗ ಎಸೆದ. "ಏನ್ರಿ ಸಾವ್ಕಾರ್ರ, ಇವು ಟಾಯರೇನು, ಬಾಳಿ ಹಣ್ಣೇನು? ಸಿಪ್ಪಿ ಸೈತ ಉಳದಿಲ್ಲ!"

"ಎಳೀಪಾ ಮೊದಲ, ಆಮ್ಯಾಲ ಬೈಯುವಂತಿ" ಎಂದ ಬಾಹುಬಲಿ, ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು.

ಅವರು ಹೋಗಿ ಮುಟ್ಟಿದಾಗ ಮಾತಾಜಿ ಹೊರಗೆ ಬಂದು, ಕರೆಯುವವರಿಲ್ಲದ ಬಾಗಿಲನ್ನು ನೋಡಿ, ಒಳಗೆ ಹೋಗಿ ಕೂತಾಗಿತ್ತು. ಕೈಮುಗಿದು ನಿಂತ ಇಬ್ಬರನ್ನೂ ನೋಡಿ ಅವರು ನಕ್ಕರು. ಮಧ್ಯಾಹ್ನ ಮೋಡ ಹರಿದು ಬಿಸಿಲು ಚುರುಗುಟ್ಟಿತು. ಆ ಬಿಸಿಲಿನಲ್ಲೇ ಅವರು ಮುಂದಿನ ಊರಿಗೆ ನಡೆದರು. ಅವರ ತುಟಿ ಒಣಗಿದ್ದನ್ನು ಬಾಹುಬಲಿ ಕಂಡ. ತುಂಬಿದ ಕೊಡಗಳು ಗಾಡಿಯಲ್ಲೇ ಕುಲುಕಾಡುತ್ತಿದ್ದವು.

"ಹನಿ ನೀರ ಸೈತ ಇಲ್ಲ" ಎಂದಳು ಮಹಾದೇವಿ. ಅಂದು ಬಾಹುಬಲಿಗೂ ಅನ್ನ ಇಳಿಯಲಿಲ್ಲ. ಇನ್ನೊಮ್ಮೆ ಹೀಗಾಗಬಾರದು ಎಂಬುದೊಂದೇ ಅವನ ತಲೆಯಲ್ಲಿ ತಿರುಗುತ್ತಿತ್ತು. ಯಾವ ಹವೆಯಲ್ಲೂ, ಯಾವ ದಾರಿಯಲ್ಲೂ ಗಾಡಿ ಹೊತ್ತಿಗೆ ಮುಟ್ಟಬೇಕು.

ಜಮಖಂಡಿಯಲ್ಲಿ ಬಸವಕುಮಾರನ ಟೈರಿನ ಅಂಗಡಿ. ಅವನು ಬಾಹುಬಲಿಯನ್ನು ನೂಲಿನ ಟೆಂಪೊ ಕಾಲದಿಂದ ಬಲ್ಲ.

"ಬರ್ರಿ ಕಾಕಾ, ಕುಂದ್ರರಿ. ಅಲ್ಲಲ್ಲ, ತಪ್ಪಾತು, ನಿಂದರ್ರಿ. ನಿಮಗ ಕುಂದ್ರ ಅನ್ನೂದು ಬೈಗಳಾ ಇದ್ದಂಗ."

"ಚ್ಯಾಷ್ಟಿ ಸಾಕು. ಟಾಯರ್ ತೋರಸು."

ಬಸವಕುಮಾರ ಒಂದನ್ನು ಉರುಳಿಸಿಕೊಂಡು ಬಂದ. ಗೆರೆಗಳು ತೀರ ತೆಳುವೂ ಅಲ್ಲ, ಆಳವೂ ಅಲ್ಲ. "ಇದು ಆಲ್ ಸೀಸನ್ ಅಂತರೀ. ಬಿಸಲಾಗ ಡಾಂಬರ ಕಾದರೂ ತಡೀತೈತಿ, ಮಳ್ಯಾಗ ಬ್ರೇಕ್ ಹಿಡದ್ರ ಜಾರೂದಿಲ್ಲ. ನಿಮ್ಮದು ಕೊಡಾ, ಪಾತ್ರಿ, ಹಲಗಿ ಎಲ್ಲಾ ಹೇರಿದ ಗಾಡಿ. ಆ ವಜ್ಜಿಗೆ ತಕ್ಕದ್ದ ಐತಿ. ನಾಲ್ಕ ತಿಂಗಳ ನಿಂತಲ್ಲೇ ನಿಲ್ಲಿಸಿದ್ರೂ ಲಗೂನ ಬಿರಿಯೂದಿಲ್ಲ."

"ಸೀಸನ್ ಎಷ್ಟಪಾ ನಮ್ಮ ಕಡೆ? ಬಿಸಲು, ಇಲ್ಲಾಂದ್ರ ಕಡಕ್ ಬಿಸಲು."

"ಮತ್ತ ಬಾಡಗಂಡ್ಯಾಗ ನೀವು ಕುಂತಿದ್ದು ಯಾವ ಸೀಸನ್ನಿನಾಗ್ರಿ?"

ಸುದ್ದಿ ಇಲ್ಲಿಯವರೆಗೆ ಬಂದಿತ್ತು. ಬಾಹುಬಲಿಯ ಮುಖ ಕಪ್ಪಿಟ್ಟಿತು. ಅವನು ಟೈರನ್ನು ಮುಟ್ಟಿ ನೋಡಿದ, ಪಕ್ಕದಲ್ಲಿ ಅಚ್ಚೊತ್ತಿದ್ದ ತಯಾರಿಕೆಯ ವಾರ, ವರ್ಷ ಓದಿದ. ಎಲ್ಲ ಸರಿಯಾಗಿತ್ತು. "ಇದು ಎರಿ ಹೊಲದ ಕೆಸರಾಗ ಹೊಕ್ಕರ?"

"ಅಷ್ಟಕ್ಕಷ್ಟರೀ. ಖರೆ ಹೇಳ್ತೀನಿ, ಎರ್ಯಾಗ ಇದೂ ಕುಂದ್ರತೈತಿ."

ಬಾಹುಬಲಿಯ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ದಪ್ಪ ಹಲ್ಲಿನ ಟೈರುಗಳಿದ್ದವು. ಹಲ್ಲುಗಳ ನಡುವೆ ಬೆರಳು ಹಿಡಿಯುವಷ್ಟು ಸಂದು. "ಅವನ್ನ ಹಾಕು."

"ಕಾಕಾ, ನೀವೇನು ಹೊಲಾ ಹರಗವ್ರೇನು? ರೋಡ್ ಮ್ಯಾಲೆ ಗುಂಯ್ ಅಂತ ಸಪ್ಪಳ ಮಾಡ್ತಾವ, ಡೀಜಲ್ ಹೆಚ್ಚ ಕುಡೀತಾವ."

"ಕೆಸರಾಗ ಸಿಗಬಾರದು. ನನಗ ಅಷ್ಟ ಬೇಕು."

ಟೈರುಗಳು ಅವನು ಕೇಳಿದ್ದನ್ನು ಕೊಟ್ಟವು. ರಸ್ತೆಯ ಮೇಲೆ ಸಪ್ಪಳ ಮಾಡಿದರೂ ಕಾಲುವೆಯ ಏರಿ, ಕಬ್ಬಿನ ಹೊಲದ ದಾರಿ, ಮೊದಲು ಹಿಂದೇಟು ಹಾಕಿದ್ದ ಕಡೆಯೆಲ್ಲ ಗಾಡಿ ನುಗ್ಗಿತು. ಬಾಹುಬಲಿಗೆ ಹುರುಪು ಬಂತು. ಸುತ್ತಿ ಹೋಗುವ ಡಾಂಬರಿನ ದಾರಿ ಇದ್ದರೂ ಅಡ್ಡ ದಾರಿ ಹಿಡಿಯುವನು. ಹೊತ್ತಿಗಿಂತ ಬಹಳ ಮುಂಚೆ ಹೋಗಿ ಮುಟ್ಟಿ, ಅಲ್ಲಿ ಮತ್ತೆ ಅತ್ತಿಂದಿತ್ತ ಅಡ್ಡಾಡುವನು.

"ಇಷ್ಟ ಲಗೂ ಬಂದು ಏನ್ ಕಡದ್ರಿ?" ಎಂದು ಮಹಾದೇವಿ ಕೇಳಿದರೆ, "ತಡಾ ಆಗಿಲ್ಲಲ್ಲ" ಎನ್ನುವನು.

ಚಿಕ್ಕಪಡಸಲಗಿಯ ಕಡೆ ಹೊಳೆಯ ದಂಡೆಯ ತೋಟವೊಂದರಲ್ಲಿ ಮಾತಾಜಿ ಉಳಿದಿದ್ದಾಗ ಮತ್ತೆ ಮಳೆ ಬಂತು. ಬೆಳಿಗ್ಗೆ ದಾರಿಯ ತುಂಬ ನೀರು ಬಸಿಯುತ್ತಿತ್ತು. ಬಾಹುಬಲಿ ತಡೆಯಲಿಲ್ಲ. ಹಲ್ಲಿನ ಟೈರುಗಳು ಕೆಸರನ್ನು ಕಚ್ಚಿ ಕಚ್ಚಿ ಉಗುಳಿದವು. ಒಂದು ಕಡೆಯೂ ಗಾಡಿ ತಡವರಿಸಲಿಲ್ಲ. ಅವನು ಅದನ್ನು ದೂರ ನಿಲ್ಲಿಸದೆ ನೇರ ಪಡಸಾಲೆಯ ಎದುರಿಗೇ ತಂದ.

ಎಲ್ಲವೂ ಸರಿಯಾಗಿ ನಡೆಯಿತು. ಶುದ್ಧ ಬಟ್ಟೆ ಉಟ್ಟು ಇಬ್ಬರೂ ಬಾಗಿಲಲ್ಲಿ ನಿಂತರು. ಮಾತಾಜಿ ಬಂದರು. ಪ್ರದಕ್ಷಿಣೆ ಹಾಕಿ ಕರೆದುಕೊಂಡು ಹೋಗಿ ಪಡಸಾಲೆಯಲ್ಲಿ ಮಣೆಯ ಮೇಲೆ ಕೂಡಿಸಿದರು. ಅವರು ಬೊಗಸೆ ಒಡ್ಡಿದರು. ಮಹಾದೇವಿ ಮೊದಲ ನೀರು ಹಾಕಿದಳು.

ಅಷ್ಟರಲ್ಲಿ ಎದುರಿನ ಗಾಲಿಯಿಂದ ಕೆಸರಿನ ಹೆಂಟೆಯೊಂದು ಕಳಚಿ ಅಂಗಳಕ್ಕೆ ಬಿತ್ತು. ಮಾತಾಜಿ ಕಣ್ಣೆತ್ತಿದರು. ಹೆಂಟೆಯ ತುಂಬ ಎರೆಹುಳ, ಚಿಪ್ಪು ಒಡೆದ ಬಸವನಹುಳ. ಅರ್ಧ ತುಂಡಾದದ್ದೊಂದು ಇನ್ನೂ ಹೊರಳುತ್ತಿತ್ತು. ಗಾಲಿಯ ಹಲ್ಲುಗಳ ಸಂದಿನಲ್ಲೂ ಅಂಥವೇ ಮೆತ್ತಿಕೊಂಡಿದ್ದವು.

ಮಾತಾಜಿಯವರ ಬೆರಳುಗಳು ಬಿಚ್ಚಿದವು. ಬೊಗಸೆಯ ನೀರು ಕೆಳಗೆ ಹೋಯಿತು. ಆಹಾರದ ಹೊತ್ತಿನಲ್ಲಿ ಸತ್ತ ಜೀವ ಕಣ್ಣಿಗೆ ಬಿದ್ದರೆ ಅದು ಅಂತರಾಯ, ಅಂದಿನ ಆಹಾರ ಅಲ್ಲಿಗೇ ಮುಗಿಯಿತು. ಅವರು ಹುಳಕ್ಕೆ ನೋವಾಗದಂತೆ ನೆಲ ಸವರುವ ನವಿಲುಗರಿಯ ಪಿಂಛಿ ತೆಗೆದುಕೊಂಡು ಎದ್ದರು. ಸಿಟ್ಟಿನ ಒಂದು ಮಾತಿಲ್ಲ. ಹೊಸ್ತಿಲ ಹತ್ತಿರ ನಿಂತು, "ನೀವಿಬ್ಬರೂ ಊಟಾ ಮಾಡ್ರಿ. ಹಸಕೊಂಡ ಕುಂದರಬ್ಯಾಡ್ರಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಬಾಹುಬಲಿ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಬದುಕಿದ್ದವನ್ನು ಎಲೆಯ ಮೇಲೆ ಎತ್ತಿ ಬಾಳೆಯ ಬುಡಕ್ಕೆ ಬಿಟ್ಟ. ಬಹಳ ಇರಲಿಲ್ಲ. ಮಹಾದೇವಿ ಹಿಂದೆ ಬಂದು ನಿಂತಳು.

"ಬೆಳಿಗ್ಗೆ ನಾ ಸೋಸಿದ ಬಟ್ಟಿ ತಿರಿವಿ ಬಾವಿಗೆ ಬಿಟ್ಟೆ. ನೀವು ದಾರಿ ತುಂಬ ಅರಕೊಂತ ಬಂದ್ರಿ."

"ನಾ ಒಬ್ಬನ ಬಂದ್ನೇನು? ನೀನೂ ಬಾಜೂಕ ಕುಂತಿದ್ದೆಲ್ಲ."

"ಹೂಂ, ಕುಂತಿದ್ದೆ" ಎಂದಳು ಅವಳು. ಅವನ ಪಕ್ಕ ತಾನೂ ಕುಕ್ಕರಿಸಿ, "ಮುಟ್ಟತೇವೋ ಇಲ್ಲೋ ಅನ್ನೂದ ನೋಡಿದ್ವಿ. ಕೆಳಗ ನೋಡಲಿಲ್ಲ" ಎಂದಳು.

ಅವನಿಗೆ ಆ ದಿನ ನಿಂತಲ್ಲಿ ನಿಲ್ಲಲಾಗಲಿಲ್ಲ. ತೋಟದ ಉದ್ದಕ್ಕೂ ನಡೆಯಲು ಹೋದರೆ ಪ್ರತಿ ಹೆಜ್ಜೆಗೂ ಏನೋ ಹರಿದಾಡಿದಂತೆ ಕಾಣುತ್ತಿತ್ತು. ತಿರುಗಿ ಬಂದು ಪಡಸಾಲೆಯ ಕಟ್ಟೆಯ ಮೇಲೆ ಕೂತ. ಕೂತರೆ ಒಣಗಿದ ಆ ತುಟಿಗಳು ಕಣ್ಣಿಗೆ ಬರುತ್ತಿದ್ದವು. ಗಾಡಿ ಮುಟ್ಟದಿದ್ದಾಗಲೂ ಉಪವಾಸ, ಮುಟ್ಟಿದಾಗಲೂ ಉಪವಾಸ. ಗಾಡಿ ದೂರ ನಿಂತಿದ್ದರೆ ಅವರಿಗೆ ಕಾಣುತ್ತಿರಲಿಲ್ಲ ಎಂದು ಒಮ್ಮೆ ಅನಿಸಿತು. ಹಾಗೆ ಅನಿಸಿದ್ದಕ್ಕೇ ಅವನಿಗೆ ನಾಚಿಕೆಯಾಯಿತು.

ದಾರಿ ಒಣಗಿದ ಮೇಲೆ ಅವನು ಸೀದಾ ಜಮಖಂಡಿಗೆ ಹೋದ.

"ಕೆಸರಾಗ ಹೋಗಲಾರದ ಟಾಯರ್ ಕೊಡಪಾ" ಎಂದ.

ಬಸವಕುಮಾರ ಬಾಯಿ ತೆರೆದು ನೋಡಿದ. "ಏನಂದ್ರಿ?"

"ಡಾಂಬರ ಮ್ಯಾಲೆ ಬಿಸಲಿರಲಿ, ಮಳಿ ಇರಲಿ, ನನ್ನ ಹೊತ್ತಿಗೆ ಮುಟ್ಟಸಬೇಕು. ಹೊಲದಾಗ ಇಳಸಾಕ ಹೋದ್ರ ನನ್ನ ಮಾತ ಕೇಳಬಾರದು."

"ಅಲ್ರಿ ಕಾಕಾ, ಎಲ್ಲಾರೂ ಗಾಡಿ ಹೋಗಲಿ ಅಂತ ಬರ್ತಾರ. ಇಳಸೂದು ಬಿಡೂದು ನಿಮ್ಮ ಕೈಯಾಗಿಲ್ಲೇನು?"

"ನನ್ನ ಕೈ ಮ್ಯಾಲೆ ನನಗ ಭರೋಸಾ ಇಲ್ಲೋ" ಎಂದ ಬಾಹುಬಲಿ. ಬಸವಕುಮಾರ, ಕಾಕಾ ಆವತ್ತು ಬೇಡವೆಂದಿದ್ದ ಆಲ್ ಸೀಸನ್ ಟೈರುಗಳನ್ನೇ ಉರುಳಿಸಿಕೊಂಡು ಬಂದ. ಈ ಸಲ ಬಾಹುಬಲಿ ಗೆರೆಗಳಲ್ಲಿ ಬೆರಳಿಟ್ಟು, ಇವು ಎಷ್ಟು ಆಳವಿಲ್ಲ ಎಂಬುದನ್ನು ನೋಡಿದ.

ಕಬ್ಬಿನ ಹಂಗಾಮು ಮುಗಿಯುವ ಮುಂಚೆ ಮಾತಾಜಿ ಮತ್ತೆ ಬೀಳಗಿಯ ಕಡೆ ಬಂದರು. ಬಾಡಗಂಡಿಯ ದಾರಿಯಲ್ಲಿ ಅದೇ ತೋಟದ ಮನೆ. ಹಿಂದಿನ ಸಂಜೆ ಅಕಾಲದ ಮಳೆ ಸುರಿದು ಹೋಗಿತ್ತು. ಬೆಳಿಗ್ಗೆ ಬಾಹುಬಲಿ ಡಾಂಬರಿನ ಅಂಚಿಗೆ ಗಾಡಿ ತಂದು ನಿಲ್ಲಿಸಿದ. ಕಾಲು ಇನ್ನೂ ಎಕ್ಸಿಲೇಟರಿನ ಮೇಲೇ ಇತ್ತು. ಕೀಲಿ ತೆಗೆದು ಮಹಾದೇವಿಯ ಕೈಗೆ ಕೊಟ್ಟ.

ಕೊಡ ಅವನ ಹೆಗಲ ಮೇಲೆ, ಪಾತ್ರೆಗಳ ಬುಟ್ಟಿ ಅವಳ ತಲೆಯ ಮೇಲೆ. ಮುಂದಿನ ನಾಲ್ಕು ಮೊಳ ನೆಲ ನೋಡಿ ಹೆಜ್ಜೆ ಇಡಬೇಕು. ಅದು ಮಾತಾಜಿ ದಿನವೂ ನಡೆಯುವ ರೀತಿ, ಅವನಿಗೆ ಶಿಕ್ಷೆ. ಬಿಸಿಲು ಏರುತ್ತಿತ್ತು. ಅವನು ಎರಡು ಸಲ ಮುಂದೆ ನುಗ್ಗಲು ಹೋದ.

"ನನ್ನ ಹಿಂದ ಬರ್ರಿ" ಎಂದಳು ಮಹಾದೇವಿ, ತಿರುಗದೆಯೇ.

"ಹೊತ್ತಾಕ್ಕೈತಿ!"

"ಆಗಲಿ. ಹೆಜ್ಜಿ ಬಲಕ್ಕ ಇಡ್ರಿ, ಅಲ್ಲೊಂದು ಹುಳಾ ಐತಿ."

ತೋಟ ಮುಟ್ಟಿ, ಕಾಲು ತೊಳೆದು, ಬಟ್ಟೆ ಬದಲಿಸಿ ಕಲಶ ಹಿಡಿಯುವುದಕ್ಕೂ ಮಾತಾಜಿ ಹೊರಗೆ ಬರುವುದಕ್ಕೂ ಸರಿಹೋಯಿತು. "ವಂದಾಮಿ ಮಾತಾಜಿ, ತಿಷ್ಠ ತಿಷ್ಠ, ಆಹಾರ ಜಲ ಶುದ್ಧ ಐತಿ" ಎಂದ ಬಾಹುಬಲಿಯ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಮಾತಾಜಿ ನಿಂತರು.

ಬೊಗಸೆಗೆ ನೀರು ಬಿತ್ತು. ಅವರು ಕುಡಿದರು.

ಆಗ ರಸ್ತೆಯಿಂದ ಹಾರ್ನ್ ಕೇಳಿಸಿತು. ಕಬ್ಬಿನ ಟ್ರ್ಯಾಕ್ಟರು. ಹೊಲದ ದಾರಿಯ ಬಾಯಿ ಇಕ್ಕಟ್ಟು, ಗಾಡಿ ಅದಕ್ಕೆ ಅಡ್ಡ ನಿಂತಿದೆ. ಹಾರ್ನ್ ಬಿಟ್ಟು ಬಿಟ್ಟು ಬಡಿಯಿತು. ಬಾಹುಬಲಿಯ ಮೊಣಕಾಲು ಕುಣಿಯತೊಡಗಿತು. ಮಹಾದೇವಿ ಒಮ್ಮೆ ನೋಡಿದಳು. ಅವನು ನೀರಿನ ಚೊಂಬು ಹಿಡಿದು, ಮಾತಾಜಿ ಕೊನೆಯ ನೀರು ಕುಡಿದು ಬೊಗಸೆ ಬಿಡುವವರೆಗೆ ಅಲ್ಲೇ ನಿಂತಿದ್ದ.

ನೆಲ ನೋಡುತ್ತ ನೋಡುತ್ತ ರಸ್ತೆಗೆ ಬರುವಷ್ಟರಲ್ಲಿ ಅಲ್ಲಿ ಶಿವಯೋಗೆಪ್ಪ ಟ್ರ್ಯಾಕ್ಟರಿನಿಂದ ಇಳಿದು, ಗಾಲಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಏನ್ರಿ ಸಾವ್ಕಾರ್ರ, ಕೂಗಿ ಕೂಗಿ ಹಾರ್ನ್ ಸೋತು ಹೋತು! ಹೊಸಾ ಟಾಯರ್ ಹಾಕಿಸೀರಿ. ಒಂದೀಟು ಹೊಲಕ್ಕ ಇಳಿಸಿ ನಿಲ್ಲಸಾಕ ಏನ್ ಧಾಡಿ?"

"ಇಳಿಯೂದಿಲ್ಲಪಾ ಇವು" ಎಂದು ಬಾಹುಬಲಿ ಗಾಡಿ ಹತ್ತಿದ. ಹತ್ತಿದ ಮೇಲೆ ಕೀಲಿ ಮಹಾದೇವಿಯ ಹತ್ತಿರ ಉಳಿದದ್ದು ನೆನಪಾಯಿತು. ಬೈಯುತ್ತಿದ್ದ ಶಿವಯೋಗೆಪ್ಪನಿಗೆ ಕೈಮುಗಿದು, ಕೆಳಗಿಳಿದು, ಮತ್ತೆ ನೆಲ ನೋಡುತ್ತ ತೋಟದ ಕಡೆ ಹೆಜ್ಜೆ ಹಾಕಿದ.