ಲಿಫ್ಟಕ್ಕ

ಆ ಬಡಾವಣೆಯಲ್ಲಿ ಯಾವ ಲಿಫ್ಟು ಮುನಿಸಿಕೊಂಡರೂ ಜನ ಕರೆಯುವುದು ಲಿಫ್ಟಕ್ಕನನ್ನೇ. ಗ್ರೀಸು ಮೆತ್ತಿದ ಪ್ಯಾಂಟು, ಬಾಯಲ್ಲಿ ಟಾರ್ಚು, ಮಾತು ಅಷ್ಟಕ್ಕಷ್ಟೆ. ಅವಳು ಈ ಕೆಲಸಕ್ಕೆ ಬಂದದ್ದು ಹೊಟ್ಟೆಪಾಡಿಗಲ್ಲ, ಒಬ್ಬನನ್ನು ಕೊಲ್ಲಲು.

ಅವಳ ತಮ್ಮ ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಅವನು ಲಿಫ್ಟಿನ ತಳದ ಗುಂಡಿಗಿಳಿದು ಕೆಲಸ ಮಾಡುತ್ತಿದ್ದಾಗ ಯಾರೋ ಮೇನ್ ಸ್ವಿಚ್ ಹಾಕಿದರು. ಲಿಫ್ಟು ಅವನ ಮೇಲೆಯೇ ಇಳಿಯಿತು. ‘ಕುಡಿದು ಬಂದಿದ್ದ, ಸ್ವಿಚ್ ಆರಿಸೋದೇ ಮರೆತ’ ಎಂದು ಕೋರ್ಟಿನಲ್ಲಿ ಹೇಳಿ ಅವನ ಸೂಪರ್‌ವೈಸರ್ ಕೈತೊಳೆದುಕೊಂಡ. ತುಟಿಗೆ ಹನಿ ಸೋಕಿಸದ ಮಗನಿಗೆ ಕುಡುಕನೆಂಬ ಹೆಸರು ಬಂದದ್ದೇ, ತಾಯಿ ಹೊಸಿಲು ದಾಟುವುದನ್ನು ಬಿಟ್ಟಳು. ಅಕ್ಕ ಹೊಲಿಗೆ ಬಿಟ್ಟು ಸ್ಪ್ಯಾನರ್ ಹಿಡಿದಳು. ನಗುವವರು ನಕ್ಕರು. ಒಂಬತ್ತು ವರ್ಷ ಹಲ್ಲು ಕಚ್ಚಿ ಕಲಿತು, ಸೂಪರ್‌ವೈಸರ್ ವಾಸವಿದ್ದ ಕಟ್ಟಡದ ಲಿಫ್ಟಿನ ಕೆಲಸವನ್ನೇ ಹಿಡಿದಳು.

ಆದರೆ ಈಗ ಮುದುಕನಾಗಿದ್ದ ಅವನು ಲಿಫ್ಟು ಹತ್ತುತ್ತಲೇ ಇರಲಿಲ್ಲ. ಏದುಸಿರು ಬಿಡುತ್ತ ನಾಲ್ಕು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತುತ್ತಿದ್ದ. ಕೊನೆಗೆ ಮಂಡಿ ಕೈಕೊಟ್ಟು, ಒಂದು ಮಧ್ಯಾಹ್ನ ಒಳಗೆ ಕಾಲಿಟ್ಟ. ಅವಳು ಲಿಫ್ಟನ್ನು ಎರಡು ಮಹಡಿಗಳ ನಡುವೆ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಇಳಿದು, ಮುಚ್ಚಳ ಸರಿಸಿದಳು. ಕೈಯಲ್ಲಿ ನಾಲ್ಕು ಕೆ.ಜಿ. ತೂಕದ ಸ್ಪ್ಯಾನರ್.

‘ಯಾರದು ಮೇಲೆ?’

‘ಮೆಕ್ಯಾನಿಕ್.’

‘ಮೇನ್ ಆಫ್ ಮಾಡಿದೀಯ ತಾನೆ? ಹುಷಾರು ತಾಯಿ. ನನ್ನ ಅವಸರಕ್ಕೆ ಒಬ್ಬ ಹುಡುಗ ಸತ್ತ. ಸ್ವಿಚ್ ಹಾಕಿದ್ದು ನಾನೇ. ಅವತ್ತಿಂದ ಈ ಡಬ್ಬಿ ಕಂಡ್ರೆ ಭಯ.’

‘ಆ ಹುಡುಗ ಕುಡೀತಿದ್ನಾ?’

ಮುದುಕ ಲಿಫ್ಟಿನ ಗೋಡೆಗೆ ಒರಗಿದ.

‘ಇಲ್ಲ. ನನ್ನ ಕೆಲಸ ಉಳೀಲಿ ಅಂತ ಹಂಗಂದೆ.’

‘ನಾನು ಅವನ ಅಕ್ಕ.’

ಮುದುಕ ತಲೆಯೆತ್ತಿ ನೋಡಿದ. ಕೂಗಲಿಲ್ಲ, ಕಣ್ಣು ಮುಚ್ಚಿ ತಲೆ ತಗ್ಗಿಸಿದ. ಅವಳು ಬೆರಳು ಸಡಿಲಿಸಿದ್ದರೆ ಸಾಕಿತ್ತು. ಆದರೆ ಇವನು ಸತ್ತರೆ ಈ ಮಾತೂ ಇವನೊಂದಿಗೇ ಹೋಗುತ್ತದೆ, ತಮ್ಮ ಕುಡುಕನಾಗಿಯೇ ಉಳಿಯುತ್ತಾನೆ ಎಂದು ಅವಳಿಗೆ ಹೊಳೆಯಿತು. ಲಿಫ್ಟನ್ನು ಮಹಡಿಗೆ ತಂದು ಬಾಗಿಲು ತೆರೆದಳು.

‘ಬನ್ನಿ. ಇದನ್ನ ನಮ್ಮಮ್ಮನಿಗೆ ಹೇಳಿ. ಆಮೇಲೆ ಪೊಲೀಸರಿಗೆ.’

ಎರಡೂ ಕಡೆ ಅವನು ಹೇಳಿದ. ತಾಯಿ ಎಲ್ಲ ಕೇಳಿಸಿಕೊಂಡಳು. ಹೋಗಿ ಬಾ ಎನ್ನಲಿಲ್ಲ, ‘ಹೋಗು’ ಎಂದಳು. ಮರುದಿನ ಮಗಳ ತೋಳು ಹಿಡಿದು ಬೀದಿಗಿಳಿದು, ಸಿಕ್ಕವರನ್ನೆಲ್ಲ ನಿಲ್ಲಿಸಿ, ‘ನನ್ನ ಮಗ ಕುಡೀತಿರಲಿಲ್ಲ ಕಣ್ರೀ’ ಎಂದಳು.

ಲಿಫ್ಟಕ್ಕನಿಗೆ ನೆಮ್ಮದಿ ಸಿಕ್ಕಿತೆಂದರೆ ಸುಳ್ಳಾದೀತು. ನಿದ್ದೆ ಮಾತ್ರ ಬರತೊಡಗಿತು. ಈಗ ಅವಳ ಕೈಕೆಳಗೆ ಆರು ಮಂದಿ ಕೆಲಸಗಾರರು. ಮೇನ್ ಆಫ್ ಆಗಿದೆಯೇ ಎಂದು ತಾನು ಎರಡು ಸಲ ಪರೀಕ್ಷಿಸದೆ ಒಬ್ಬರನ್ನೂ ಗುಂಡಿಗಿಳಿಯಲು ಬಿಡುವುದಿಲ್ಲ. ಕಟ್ಟಡದವರು ಗಡಿಬಿಡಿ ಮಾಡಿದರೆ, ‘ಅಲ್ಲೀವರೆಗೂ ಮೆಟ್ಟಿಲು ಹತ್ತಿ ಸಾರ್, ಹೊಟ್ಟೆ ಕರಗುತ್ತೆ’ ಎನ್ನುತ್ತಾಳೆ.