ಬೆಟ್ಟದ ಬೆನ್ನ ಮೇಲೆ ಭಾವನವರು

ನನ್ನ ಗಂಡನ ಅಣ್ಣನನ್ನು ಇಪ್ಪತ್ತೆರಡು ವರ್ಷದಿಂದ 'ಭಾವ, ನೀವು' ಎಂದು ಮಾತಾಡಿಸುತ್ತ ಬಂದಿದ್ದೇನೆ. ಆ 'ನೀವು' ಎನ್ನುವುದರೊಳಗೆ ಗೌರವ ಎಂದೋ ಬತ್ತಿಹೋಗಿತ್ತು.

ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಚಾರಣದ ಹುಚ್ಚು ಹಿಡಿಯಿತು. ಮಲ್ಲೇಶ್ವರದ ಮನೆಯಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಲು ಹೊರಟರೂ ಕೈಯಲ್ಲಿ ಎರಡು ಕೋಲು, ಕಾಲಲ್ಲಿ ಬೆಟ್ಟ ಹತ್ತುವ ಬೂಟು. ಕಳೆದ ಡಿಸೆಂಬರಿನಲ್ಲಿ ನನ್ನನ್ನೂ ನನ್ನ ಗಂಡನನ್ನೂ ಘಟ್ಟದ ಕಾಡಿಗೆ ಹೊರಡಿಸಿದರು.

ಬೆಟ್ಟದ ಬೆನ್ನ ಮೇಲೆಯೇ ಸಾಗುವ ದಾರಿ ಅದು. ಎರಡೂ ಕಡೆ ಇಳಿಜಾರು. ಕಾಲಡಿಯಲ್ಲಿ ಬೇರು, ಸಡಿಲ ಕಲ್ಲು. ನಡೆಯುವವರಿಗೂ ಸೈಕಲ್‌ನವರಿಗೂ ದನ ಹೊಡೆಯುವವರಿಗೂ ಅದೊಂದೇ. ಸೈಕಲ್ ಬಂದರೆ ಪಕ್ಕಕ್ಕೆ ಸರಿಯಿರಿ ಎಂದು ಬುಡದಲ್ಲೇ ಬೋರ್ಡು ಹಾಕಿದ್ದರು. ಭಾವನವರು ಅದಕ್ಕೆ ಒರಗಿ ಫೋಟೊ ತೆಗೆಸಿಕೊಂಡರು, ಓದಲಿಲ್ಲ.

ಅರ್ಧ ದಾರಿ ಹತ್ತಿದ್ದೆವು. ಮೇಲಿನಿಂದ ಸೈಕಲ್ ಗಂಟೆ ಕೇಳಿಸಿತು. ನಾವಿಬ್ಬರೂ ಪಕ್ಕಕ್ಕೆ ಸರಿದೆವು. ಭಾವನವರು ಎರಡೂ ಕೋಲು ಅಗಲಿಸಿ ನಟ್ಟನಡುವೆ ನಿಂತರು.

"ಸ್ವಲ್ಪ ಬನ್ನಿ ಈ ಕಡೆ, ಭಾವ," ಎಂದೆ.

"ನಡ್ಕೊಂಡು ಹೋಗೋರಿಗೆ ಮೊದಲ ಹಕ್ಕು. ಅವರೇ ನಿಲ್ಲಿಸ್ಲಿ."

ತಿರುವಿನಲ್ಲಿ ಬಂದವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಅವರನ್ನು ಕಂಡು ಬ್ರೇಕ್ ಒತ್ತಿದಳು. ಕಲ್ಲುಗಳ ಮೇಲೆ ಚಕ್ರ ಜಾರಿ, ಸೈಕಲ್ ಸಮೇತ ಇಳಿಜಾರಿನ ಲಂಟಾನ ಪೊದೆಗೆ ಬಿದ್ದಳು. ನಾನು ಕೆಳಗಿಳಿದು ಎತ್ತಲು ಹೋದರೆ, "ಭುಜ ಮುಟ್ಬೇಡಿ ಆಂಟಿ, ಕೈ ಎತ್ತಕ್ಕಾಗ್ತಿಲ್ಲ," ಎಂದು ಅತ್ತಳು.

ಭಾವನವರು ಗಡಿಯಾರ ನೋಡಿಕೊಂಡರು. "ಹನ್ನೊಂದಕ್ಕೆ ತುದೀಲಿರಬೇಕು ನಾವು. ಹೆಣ್ಮಕ್ಕಳಿಗೆ ಯಾಕ್ ಬೇಕು ಇದೆಲ್ಲ," ಎಂದು ನಡೆದೇಬಿಟ್ಟರು.

ನನ್ನ ಗಂಡ ಅಣ್ಣನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನೀನಿಲ್ಲಿರು. ಅಣ್ಣನ್ನ ಒಬ್ಬನೇ ಬಿಡೋದು ಸರಿಯಲ್ಲ," ಎಂದು ಅವರೂ ಹೊರಟರು. ಸರಿಯಲ್ಲವಂತೆ.

ದುಪಟ್ಟಾದಿಂದ ಹುಡುಗಿಯ ಕೈಯನ್ನು ಎದೆಗೆ ಕಟ್ಟಿದೆ. ಅಷ್ಟರಲ್ಲಿ ಮೇಲಿನಿಂದ ದನ ಹೊಡೆದುಕೊಂಡು ಬಂದ ಮುದುಕನೊಬ್ಬ ಏನೂ ಕೇಳದೆ ಅವಳ ಸೈಕಲನ್ನು ಹೆಗಲಿಗೇರಿಸಿದ. ಬರಿಗಾಲಿನ ಅವನ ಹಿಂದೆ ನಾವಿಬ್ಬರೂ ಎರಡು ಗಂಟೆ ಇಳಿದೆವು. ಕೆಳಗೆ ಅರಣ್ಯದವರ ಜೀಪು ಸಿಕ್ಕಿತು. ಆಸ್ಪತ್ರೆಗೆ ಅವಳ ಜೊತೆಯಲ್ಲೇ ಹೋದೆ. ಹೆಗಲ ಮೂಳೆ ಮುರಿದಿತ್ತು.

ಸಂಕ್ರಾಂತಿಗೆ ನೆಂಟರೆಲ್ಲ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಭಾವನವರು ತುದಿಯಲ್ಲಿ ತೆಗೆದ ಫೋಟೊಗಳನ್ನು ತೋರಿಸುತ್ತ, "ದಾರೀಲಿ ಒಂದು ಹುಡುಗಿ ಬಿದ್ಬಿಟ್ಟಿತ್ತು ಪಾಪ, ನಾವೇ ಕೆಳಗಿಳಿಸಿದ್ವಿ," ಎಂದರು.

ನಾನು ಸಿಹಿಪೊಂಗಲ್ ಬಡಿಸುತ್ತಿದ್ದೆ. "ನೀವು ಇಳಿಸಲಿಲ್ಲ ಭಾವ, ಬೀಳಿಸಿದ್ರಿ," ಎಂದು, ದಾರಿಯಲ್ಲಿ ನಡೆದದ್ದನ್ನೆಲ್ಲ ಬಡಿಸುತ್ತಲೇ ಹೇಳಿದೆ.

ನೆಂಟರು ಊಟ ಮುಂದುವರಿಸಿದರು. "ಹಬ್ಬದ ದಿನ ಯಾಕಮ್ಮಾ ಇದೆಲ್ಲ," ಎಂದರು ಅತ್ತೆ. ಭಾವನವರು ಎಲೆ ಮಡಿಸಿ ಎದ್ದರು.

ಅಂದಿನಿಂದ ಅವರು ನಮ್ಮ ಮನೆಗೆ ಬಂದಿಲ್ಲ. "ಒಂದ್ಸಲ ಹೋಗಿ ಸಾರಿ ಅಂದ್ಬಿಡು, ಮುಗ್ದುಹೋಗುತ್ತೆ," ಎಂದು ನನ್ನ ಗಂಡ ವಾರಕ್ಕೊಮ್ಮೆ ಹೇಳುತ್ತಾರೆ. ಇವರನ್ನು ನೋಡಿದರೆ ಭಾವನವರೇ ವಾಸಿ ಅನ್ನಿಸುತ್ತದೆ. ಭಾವನವರಿಗೆ ತಾವು ಮಾಡಿದ್ದು ತಪ್ಪೆಂದು ತಿಳಿಯುವುದೇ ಇಲ್ಲ. ಇವರಿಗೆ ಆ ದಾರಿಯಲ್ಲಿ ನಿಂತಾಗಲೇ ತಿಳಿದಿತ್ತು.