ವೀರೇಶನ ಎರಡನೇ ಹೆಲ್ಮೆಟ್

ಇದನ್ನು ಹೇಳಿದಾಗ ನನ್ನ ಹೆಂಡತಿ ಮೊದಲು ಕೇಳಿದ್ದು, “ಅವತ್ತು ರಾತ್ರಿ ಏನಾದ್ರೂ ಕುಡಿದಿದ್ರಾ?” ಎಂದು. ಇಲ್ಲ. ಒಂದು ಫ್ಲಾಸ್ಕ್ ಕಾಫಿ ಬಿಟ್ಟರೆ ಗಂಟಲಿಗೆ ಏನೂ ಇಳಿದಿರಲಿಲ್ಲ. ನಿದ್ದೆಗಣ್ಣೂ ಅಲ್ಲ, ಕನಸೂ ಅಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ನಾವು ಮೂವರು ಗೆಳೆಯರು. ನಾನು, ಶ್ರೀಕಾಂತ, ಮೈಸೂರಿನವನು. ಅಮೆರಿಕದ ಡರ್ಹಮ್‌ನಲ್ಲಿ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಸುಹಾಸ್ ನನ್ನ ಕಾಲೇಜಿನ ಗೆಳೆಯ. ಈ ದೇಶಕ್ಕೆ ಬಂದ ದಿನ ನನ್ನನ್ನು ಏರ್‌ಪೋರ್ಟಿನಿಂದ ಕರೆತಂದು, ತಿಂಗಳುಗಟ್ಟಲೆ ತನ್ನ ಮನೆಯಲ್ಲಿ ಇಟ್ಟುಕೊಂಡವನು. ವೀರೇಶ ಗದಗ ಕಡೆಯವನು, ಇಂಜಿನಿಯರ್, ನಮ್ಮಿಬ್ಬರಿಗಿಂತ ಎರಡು ವರ್ಷ ದೊಡ್ಡವನು.

ಕೋವಿಡ್ ಸಮಯದಲ್ಲಿ ಮನೆಯಲ್ಲಿ ಕೂತು ಕೂತು ತಲೆಕೆಟ್ಟು, ಮೂವರೂ ಹಳೆಯ ಸ್ಪೋರ್ಟ್ಸ್ ಬೈಕ್ ಕೊಂಡೆವು. ಸೌತ್ ಕ್ಯಾರೊಲೈನಾದ ಒಂದು ರೇಸ್ ಟ್ರ್ಯಾಕಿಗೆ ತಿಂಗಳಿಗೊಮ್ಮೆ ಹೋಗತೊಡಗಿದೆವು. ಅಲ್ಲಿನ ರೇಸಿಂಗ್ ಕ್ಲಬ್ಬಿನವರು ನಮ್ಮನ್ನು ಮನೆಯವರಂತೆ ಸೇರಿಸಿಕೊಂಡರು. ಮೂವರ ಹೆಲ್ಮೆಟ್ಟಿಗೂ ಇಂಟರ್‌ಕಾಮ್ ಇತ್ತು. ರೇಸಿನಲ್ಲಿ ಅದಕ್ಕೆ ಅವಕಾಶವಿಲ್ಲ, ಅಭ್ಯಾಸದ ದಿನ ಯಾರೂ ಕೇಳುತ್ತಿರಲಿಲ್ಲ. ಅಷ್ಟು ವೇಗದಲ್ಲೂ ನಾವು ಕನ್ನಡದಲ್ಲಿ ಹರಟುತ್ತಿದ್ದೆವು.

ಅಂಥ ಒಂದು ಅಭ್ಯಾಸದ ದಿನವೇ ಒಂಬತ್ತನೇ ತಿರುವಿನಲ್ಲಿ ವೀರೇಶ ಸತ್ತ.

ಅವತ್ತು ನನ್ನ ಇಂಟರ್‌ಕಾಮ್‌ನ ಚಾರ್ಜ್ ಮುಗಿದಿತ್ತು. ನಾನು ಅವರಿಬ್ಬರಿಗಿಂತ ಬಹಳ ಹಿಂದೆ ಉಳಿದಿದ್ದೆ. ನಾನು ಅಲ್ಲಿಗೆ ಬರುವಷ್ಟರಲ್ಲಿ ಕೆಂಪು ಬಾವುಟ ಬೀಸುತ್ತಿದ್ದರು, ವೀರೇಶನ ಬೈಕು ಹುಲ್ಲು ದಾಟಿ ತಡೆಗೋಡೆಗೆ ಬಡಿದು ಬಿದ್ದಿತ್ತು. ಆ ತಿರುವು ಬಾವುಟ ಹಿಡಿದು ನಿಲ್ಲುವ ಕಾವಲಿನವರ ಕಣ್ಣಿಗೆ ಅರ್ಧ ಮರೆ. ಕಂಡವನು ಸುಹಾಸ್ ಒಬ್ಬನೇ. “ಲೈನ್ ಮಿಸ್ ಮಾಡ್ದ ಕಣೋ. ತಾನಾಗೇ ಹೊರಗೆ ಹೋದ,” ಎಂದು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತ. ಕಾಗದದಲ್ಲೂ ಹಾಗೇ ದಾಖಲಾಯಿತು: ಸವಾರನ ಸ್ವಂತ ತಪ್ಪು.

ವೀರೇಶನ ಹೆಂಡತಿ ಅನ್ನಪೂರ್ಣ ಇದನ್ನು ಒಪ್ಪಲೇ ಇಲ್ಲ. ರಸ್ತೆಯಲ್ಲಿ ಯಾರೂ ಇಲ್ಲದಿದ್ದರೂ ಇಂಡಿಕೇಟರ್ ಹಾಕುವ ಮನುಷ್ಯ ಅವನು. ಅಂತ್ಯಕ್ರಿಯೆ ಮುಗಿದ ಮೇಲೆ ಆಕೆ ನನ್ನನ್ನು ಕೇಳಿದರು, “ಅವರು ನಿಮ್ಮ ಕಿವ್ಯಾಗ ಕಡೀಕ ಏನಂದ್ರು, ಹೇಳ್ರಿ.”

“ನನ್ನ ಸೆಟ್ ಆಫ್ ಆಗಿತ್ತು, ಏನೂ ಕೇಳಿಸಲಿಲ್ಲ,” ಎಂದೆ. ಅದು ನಿಜವೇ. ಆಕೆ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿರುವ ತಮ್ಮನ ಮನೆಗೆ ಹೋದರು. ನಾನು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ದುಃಖದಲ್ಲಿದ್ದಾರೆ ಎಂದುಕೊಂಡು ಸುಮ್ಮನಾದೆ.

ವರ್ಷ ತುಂಬಿದಾಗ ಕ್ಲಬ್ಬಿನವರು ಟ್ರ್ಯಾಕಿನಲ್ಲೇ ವೀರೇಶನ ನೆನಪಿಗೆ ಒಂದು ಊಟ ಇಟ್ಟುಕೊಂಡರು. ಎಲ್ಲದಕ್ಕೂ ಮುಂದಾಳು ಸುಹಾಸ್. ವೀರೇಶನ ಬೈಕಿನ ನಂಬರಿರುವ ಟೀ ಶರ್ಟ್, ಆಳೆತ್ತರದ ಫೋಟೋ, ಮೈಕು... ಮದುವೆಮನೆಯಲ್ಲಿ ಹೆಣ್ಣಿನ ಸೋದರಮಾವನೂ ಅಷ್ಟು ಓಡಾಡುವುದಿಲ್ಲ.

ನಾನೂ ಕೆಲಸಕ್ಕೆ ಹೆಸರು ಕೊಟ್ಟೆ. ಸಿಕ್ಕಿದ್ದು ಊಟದ ಹಿಂದಿನ ರಾತ್ರಿಯ ಕಾವಲು. ಅಲ್ಲಿನವರು ಹಂದಿಮಾಂಸವನ್ನು ಕಬ್ಬಿಣದ ದೊಡ್ಡ ಗೂಡಿನೊಳಗಿಟ್ಟು, ಸಣ್ಣ ಉರಿಯಲ್ಲಿ ರಾತ್ರಿಯಿಡೀ ಹೊಗೆಯಲ್ಲೇ ಬೇಯಿಸುತ್ತಾರೆ. ಗಂಟೆಗೊಮ್ಮೆ ಸೌದೆ ಒಟ್ಟುವುದಕ್ಕೆ ಒಬ್ಬ ಎಚ್ಚರವಿರಬೇಕು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವನು ಹಂದಿಗೆ ಕಾವಲು ಕೂತೆ. ಅಮ್ಮನಿಗೆ ಗೊತ್ತಾಗಿದ್ದರೆ ಮನೆಗೇ ಸೇರಿಸುತ್ತಿರಲಿಲ್ಲ. ವೀರೇಶನಿಗಾಗಿ ತಾನೇ ಎಂದು ಸಮಾಧಾನ ಮಾಡಿಕೊಂಡೆ.

ಹತ್ತು ಗಂಟೆಗೆ ಅರ್ಲ್ ಎಂಬ ಹಿರಿಯ ಸವಾರ ಬೆಂಕಿಯನ್ನು ನನಗೆ ಒಪ್ಪಿಸಿದ. ಹೋಗುವ ಮುಂಚೆ ನನ್ನ ಬೆನ್ನು ತಟ್ಟಿ, ಟ್ರ್ಯಾಕಿನಲ್ಲಿ ಇಂಥವೆಲ್ಲ ಆಗುತ್ತವೆ, ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗಬೇಡ ಎಂದ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ.

ಮಧ್ಯರಾತ್ರಿ ದಾಟಿತು. ಜನರೇಟರ್ ನಿಲ್ಲಿಸಿದ್ದರು. ದೂರದಲ್ಲಿ ಹೆದ್ದಾರಿಯ ಲಾರಿಗಳ ಸದ್ದು, ಪೈನ್ ಮರಗಳಲ್ಲಿ ಹುಳುಗಳ ಕಿರ್ರ್... ಮೂಗಿನ ತುಂಬ ಸೌದೆಯ ಹೊಗೆ, ಕರಗುವ ಕೊಬ್ಬಿನ ವಾಸನೆ. ಹತ್ತು ಹೆಜ್ಜೆ ಆಚೆ ಟೆಂಟಿನ ಕೆಳಗೆ ಮೇಜಿನ ಮೇಲೆ ವೀರೇಶನ ಫೋಟೋ, ಅದರ ಪಕ್ಕ ಅವನ ಎರಡನೇ ಹೆಲ್ಮೆಟ್. ಸತ್ತ ದಿನ ತೊಟ್ಟಿದ್ದಲ್ಲ, ಮನೆಯಲ್ಲಿ ಉಳಿದದ್ದು; ಅದಕ್ಕೂ ಒಂದು ಇಂಟರ್‌ಕಾಮ್ ಇತ್ತು. ಅನ್ನಪೂರ್ಣ ಅದನ್ನು ಫೋಟೋದ ಜೊತೆ ಕಳಿಸಿಕೊಟ್ಟಿದ್ದರು.

ಎರಡೂವರೆಗೆ ಸೌದೆ ಹಾಕಿ ಕೂತೆ. ಹೊಗೆಯ ವಾಸನೆ ಇದ್ದಕ್ಕಿದ್ದಂತೆ ಕಡಿಮೆಯಾಯಿತು. ಆ ಜಾಗಕ್ಕೆ ಬೇರೊಂದು ವಾಸನೆ... ಪೆಟ್ರೋಲು, ಕಾದ ಟಯರು. ಯಾರೋ ಈಗಷ್ಟೇ ಬೈಕು ತಂದು ಪಕ್ಕದಲ್ಲಿ ನಿಲ್ಲಿಸಿದ ಹಾಗೆ. ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಟೆಂಟಿನ ಕತ್ತಲಲ್ಲಿ ಒಂದು ನೀಲಿ ದೀಪ ಮಿನುಗಿತು. ಆರಿತು. ಮತ್ತೆ ಮಿನುಗಿತು.

ಹೆಲ್ಮೆಟ್ಟಿನ ಇಂಟರ್‌ಕಾಮ್. ವರ್ಷದಿಂದ ಚಾರ್ಜ್ ಕಾಣದ್ದು.

ಹತ್ತಿರ ಹೋದೆ. ಒಳಗಿನಿಂದ ಗರಗರ ಸದ್ದು, ಅದರ ನಡುವೆ ಯಾರದೋ ಉಸಿರು. ಎತ್ತಿಕೊಂಡೆ. ಓಡಿಹೋಗಬೇಕಿತ್ತು, ಯಾಕೆ ಹೋಗಲಿಲ್ಲವೋ ಗೊತ್ತಿಲ್ಲ. ತಲೆಗೆ ಹಾಕಿಕೊಂಡೆ.

ಒಳಗಿನ ಮೆತ್ತೆ ಬೆಚ್ಚಗಿತ್ತು. ಬೆವರಿನಿಂದ ಒದ್ದೆಯಾಗಿತ್ತು. ವೀರೇಶ ತಲೆಗೆ ಹಚ್ಚುತ್ತಿದ್ದ ಎಣ್ಣೆಯ ವಾಸನೆ ಮುಖಕ್ಕೇ ಹೊಡೆಯಿತು.

“ಶ್ರೀಕಾಂತ ಎಲ್ಲ್ಯದಾನ?” ವೀರೇಶನ ದನಿ. ನನ್ನ ಕಿವಿಯೊಳಗೇ.

“ತುಂಬಾ ಹಿಂದೆ ಉಳ್ಕೊಂಡ. ಅವನ ಸೆಟ್ಟೂ ಸತ್ತೋಗಿದೆ,” ಎಂದಿತು ಇನ್ನೊಂದು ದನಿ. ಇಪ್ಪತ್ತು ವರ್ಷದಿಂದ ಕೇಳಿದ ದನಿ. ಸುಹಾಸ್.

ಎಂಜಿನ್ನಿನ ಮೊರೆತ ಏರಿತು... ಇಳಿಯಿತು... ತಿರುವಿಗೆ ಬಂದಿದ್ದರು.

“ಒಳಗ ಬರಬ್ಯಾಡಲೇ ಸುಹಾಸ. ಜಾಗ ಇಲ್ಲ.”

“ಇದೆ ಇದೆ. ಬಂದೆ ಕಣೋ.” ಸುಹಾಸ್ ನಗುತ್ತಿದ್ದ.

“ಬ್ಯಾಡಲೇ... ಹೇಳಾಕತ್ತೇನಿ... ಬ್ಯಾಡ...”

ಆಮೇಲೆ ಹುಲ್ಲು ಸವರುವ ಸದ್ದು. ಒಂದು ಬಡಿತ. ಮತ್ತೆ ಸುಹಾಸನ ಉಸಿರು ಮಾತ್ರ, ಬಹಳ ಹೊತ್ತು. ಅವನು ಗೆಳೆಯನ ಹೆಸರು ಹಿಡಿದು ಒಂದು ಸಲವೂ ಕೂಗಲಿಲ್ಲ.

ನೀಲಿ ದೀಪ ಆರಿತು. ಹೆಲ್ಮೆಟ್ ಕಿತ್ತು ಮೇಜಿನ ಮೇಲಿಟ್ಟು, ಬೆಂಕಿಯ ಪಕ್ಕ ಬಂದು ಕೂತೆ. ತಿರುವಿನ ಒಳಗಿನಿಂದ ಯಾರನ್ನೂ ಹಿಂದೆ ಹಾಕಬಾರದು ಎನ್ನುವುದು ನಮ್ಮ ಗುಂಪಿಗೆ ಅಭ್ಯಾಸದ ದಿನ ಹೇಳಿಕೊಟ್ಟ ಮೊದಲ ನಿಯಮ. ಇವನು ನುಗ್ಗಿದ್ದ. ತಪ್ಪಿಸಿಕೊಳ್ಳಲು ಹೋಗಿ ವೀರೇಶ ಗೋಡೆಗೆ ಬಡಿದಿದ್ದ. ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುತ್ತಿದ್ದಾನಲ್ಲ ಇವನು...

ಬೆಳಗಾಗುತ್ತಲೇ ಸುಹಾಸ್ ಕಾಫಿ ಹಿಡಿದು ಬಂದ. ನಾನು ಕಪ್ಪು ತೆಗೆದುಕೊಳ್ಳಲಿಲ್ಲ.

“ಅವತ್ತು ವೀರೇಶ ನಿನಗೆ ಹೇಳಿದ್ದು ಕೇಳಿಸ್ತು,” ಎಂದೆ.

ಏನು ಕೇಳಿಸಿತು ಎಂದು ಅವನು ಕೇಳಲಿಲ್ಲ. ಮುಖ ಬಿಳಿಚಿತು. “ನಿನ್ನ ಸೆಟ್ ಆಫ್ ಆಗಿತ್ತಲ್ಲೋ?”

“ಆಗಿತ್ತು.”

“ಮತ್ತೆ? ಯಾರ್ ಹತ್ರನಾದ್ರೂ ಹೇಳಿದ್ಯಾ?”

ನಾನು ಎದ್ದು ಗೂಡಿಗೆ ಸೌದೆ ಒಟ್ಟಿದೆ. ಅವನು ಕಪ್ಪನ್ನು ನನ್ನ ಪಕ್ಕ ನೆಲದ ಮೇಲಿಟ್ಟ. ಆಮೇಲೆ, “ನಿದ್ದೆ ಇಲ್ಲ ನಿಂಗೆ. ಹೋಗಿ ಮಲ್ಕೋ,” ಎಂದು ಹೇಳಿ ಕುರ್ಚಿ ಹಾಕಿಸಲು ಹೋದ. ಅಷ್ಟೇ. ನನಗೆ ಮಲಗಲು ಒಂದು ಮೂಲೆ ಕೊಟ್ಟು ಅನ್ನ ಹಾಕಿದ್ದ ಗೆಳೆಯ ಅವನು.

ಮಧ್ಯಾಹ್ನ ಅನ್ನಪೂರ್ಣ ಏಳು ವರ್ಷದ ಮಗಳು ತನ್ವಿಯೊಂದಿಗೆ ಬಂದರು. “ಬನ್ನಿ ಅತ್ತಿಗೆ, ನೆರಳಲ್ಲಿ ಕೂತ್ಕೊಳ್ಳಿ,” ಎಂದು ಸುಹಾಸ್ ಓಡಿಹೋಗಿ ಕರೆದ. ಜೋಳ, ಬೀನ್ಸ್, ಸಲಾಡ್ ತಾನೇ ಬಡಿಸಿ ತಂದುಕೊಟ್ಟ.

ತನ್ವಿ ಅಪ್ಪನ ಫೋಟೋ ನೋಡುತ್ತಾ ನನ್ನ ಪಕ್ಕ ನಿಂತಳು. “ಅಂಕಲ್, ಅಪ್ಪ ಮಿಸ್ಟೇಕ್ ಮಾಡಿದ್ರಾ? ಇಸ್ ದಟ್ ವೈ?”

ಆ ಮಗುವಿಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ನಿಜ ಹೇಳಬೇಕಾದದ್ದು ಅವಳ ಅಮ್ಮನಿಗೆ. ಅನ್ನಪೂರ್ಣ ಅವರನ್ನು ಹೊಗೆಗೂಡಿನ ಹಿಂದಕ್ಕೆ ಕರೆದೆ.

“ವೀರೇಶಂದು ಏನೂ ತಪ್ಪಿರ್ಲಿಲ್ಲ. ತಿರುವಲ್ಲಿ ಒಳಗಡೆಯಿಂದ ನುಗ್ಗಿದ್ದರಿಂದ ಹಾಗಾಯ್ತು. ಬರಬೇಡ ಅಂತ ಕೂಗಿದ್ದ ಅವನು. ನಿಮಗೆ ಒಂದು ವರ್ಷದಿಂದ ಸುಳ್ಳು...”

ಆಕೆ ಕೈ ಎತ್ತಿ ತಡೆದರು. ಕಣ್ಣು ತುಂಬಿತ್ತು. “ಸಾಕ್ರಿ ಅಣ್ಣಾರ. ನನಗ ಗೊತ್ತೈತಿ.”

“ಗೊತ್ತಾ?”

“ಸುಹಾಸ್ ಅವತ್ತ ದವಾಖಾನ್ಯಾಗ ಹೇಳಿದ್ರು, ಒಳಗ ನುಗ್ಗಿದವರು ನೀವಂತ. ನೀವು ಎದಿ ಒಡದು ಜೀವಕ್ಕ ಏನರ ಮಾಡ್ಕೊಂತೀರಿ, ನಿಮ್ಮ ಮುಂದ ಯಾರೂ ಮಾತ ತಗೀಬಾರದು ಅಂದ್ರು. ಕ್ಲಬ್ಬಿನವರಿಗೂ ಹಂಗ ಹೇಳಿ, ಕಾಗದದಾಗ ನಮ್ಮವರದ ತಪ್ಪಂತ ಬರಿಸ್ಯಾರ.”

ಒಂದು ವರ್ಷ... ಇವರೆಲ್ಲರೂ ನನ್ನನ್ನು ಕೊಲೆಗಾರನೆಂದು ತಿಳಿದು ಬೆನ್ನು ತಟ್ಟಿದ್ದರು.

“ನೀವ ಬಂದು ಒಪ್ಪಿಕೊಳ್ಳಲಿ ಅಂತ ಕಾದಿದ್ದೆ,” ಎಂದರು ಆಕೆ. “ಇವತ್ತ ಹೇಳಿದ್ರಿ. ನಾ ನಿಮ್ಮನ್ನ ಕ್ಷಮಿಸೇನ್ರಿ.”

“ನಾನಲ್ಲ. ಸುಹಾಸ್. ನುಗ್ಗಿದ್ದು ಸುಹಾಸ್.”

ಆಕೆ ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು. “ಮತ್ತ ನಿಮ್ಮ ಸೆಟ್ ಬಂದ್ ಆಗಿತ್ತಂತ ನೀವ ಹೇಳಿದ್ರಿ. ಅವರು ಕೂಗಿದ್ದು ನಿಮಗ ಹೆಂಗ ಕೇಳಸ್ತು?”

ಬೇರೆ ಏನು ಹೇಳಲಿ? “ನಿನ್ನೆ ರಾತ್ರಿ ಕೇಳಿಸ್ತು,” ಎಂದೆ. “ಆ ಹೆಲ್ಮೆಟ್ಟಿನಲ್ಲಿ. ವೀರೇಶನೇ...”

ಆಕೆಯ ಮುಖದಲ್ಲಿ ಈಗಷ್ಟೇ ಕಂಡ ಕರುಣೆ ನನ್ನ ಕಣ್ಣೆದುರೇ ಹೋಯಿತು. “ಸತ್ತವರ ಹೆಸರಿಲೆ ಸುಳ್ಳು ಹೇಳಬ್ಯಾಡ್ರಿ,” ಎಂದಷ್ಟೇ ಹೇಳಿದರು. ತನ್ವಿಯ ಕೈ ಹಿಡಿದುಕೊಂಡು ಸುಹಾಸ್ ನಿಂತಿದ್ದ ಟೆಂಟಿನ ಕಡೆ ನಡೆದರು.

ಟೆಂಟು ಖಾಲಿಯಾದ ಮೇಲೆ ಆ ಹೆಲ್ಮೆಟ್ಟಿನ ಇಂಟರ್‌ಕಾಮ್ ಅನ್ನು ಚಾರ್ಜರಿಗೆ ಸಿಕ್ಕಿಸಿ ನೋಡಿದೆ. ಅರ್ಧ ಗಂಟೆ ಕಾದರೂ ಜೀವ ಬರಲಿಲ್ಲ. ನಾನು ಆಮೇಲೆ ಬೈಕು ಮಾರಿದೆ, ಕ್ಲಬ್ಬಿನ ಕಡೆ ತಲೆ ಹಾಕಿಲ್ಲ. ಸುಹಾಸ್ ಪ್ರತಿ ವರ್ಷ ಆ ಊಟ ನಡೆಸುತ್ತಾನಂತೆ.

ಅವನು ಮಾಡಿದ್ದು ನನಗೆ ಅರ್ಥವಾಗುತ್ತದೆ. ಹೆದರಿದ, ನನ್ನ ಕತ್ತು ಕೊಯ್ದ. ಅರ್ಥವಾಗದೇ ಇರುವುದು ವೀರೇಶ ಮಾಡಿದ್ದು. ಆ ಹೆಲ್ಮೆಟ್ ವರ್ಷವಿಡೀ ಅನ್ನಪೂರ್ಣ ಅವರ ಜೊತೆಯಲ್ಲೇ ಇತ್ತು, ಅವರು ಮಲಗುವ ಕೋಣೆಯಲ್ಲೇ. ಅಲ್ಲಿ ಒಂದು ರಾತ್ರಿಯೂ ಬಾಯಿ ಬಿಡದವನು, ಯಾರೂ ನಂಬದ ನನ್ನ ಕಿವಿಗೇ ಯಾಕೆ ಹೇಳಿದ...